ಮೊದಲ ಚರಣ ಹಾಡುವವಳು

"ಹಾಗಾದ್ರೆ ಮೊದಲ ಚರಣ ನೀನೇ ಹಾಡು," ಎಂದರು ಟೀಚರ್.

ಹಾಗಾದ್ರೆ ಅಂತೆ! ಬೇರೆಯವರ ಎಂಜಲು ಎತ್ತಿ ಕೊಟ್ಟ ಹಾಗೆ. ಮೆಣಸು ಹಾಡಿನ ಪುಸ್ತಕವನ್ನು ಬೆಂಚಿನ ಮೇಲೆ ಕುಕ್ಕಿದಳು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳೆಂದು ಚರ್ಚಿನ ಹಾಡುಗುಂಪಿನ ಮಕ್ಕಳು ಅವಳಿಗೆ ಇಟ್ಟ ಹೆಸರು ಅದು.

ಎರಡು ವರ್ಷದಿಂದ ಮೊದಲ ಚರಣ ಅವಳದೇ ಆಗಿತ್ತು. ಹೋದ ತಿಂಗಳು ದರ್ಜಿಯ ಮಗಳು ಬಂದು ಸೇರಿದಳು. ನಾಲ್ಕು ವಾರ ತುಂಬುವ ಮೊದಲೇ ಟೀಚರ್ ಚರಣವನ್ನು ಅವಳಿಗೆ ಕೊಟ್ಟುಬಿಟ್ಟರು. ಇದು ಯಾವ ನ್ಯಾಯ? ಜ್ವರ ಬಂದಾಗಲೂ ಪ್ರಾಕ್ಟೀಸ್ ತಪ್ಪಿಸದವಳು ಹಿಂದಿನ ಸಾಲಿಗೆ, ನಿನ್ನೆ ಮೊನ್ನೆ ಬಂದವಳು ಮುಂದಕ್ಕೆ!

ಹೊಟ್ಟೆ ಉರಿಯಿತು. ಉರಿಯುವ ಹೊಟ್ಟೆ ಸುಮ್ಮನಿರುತ್ತದೆಯೇ? ಶಾಲೆಯಲ್ಲೂ ತನ್ನ ಕ್ಲಾಸಿನವಳೇ ಆದ ದರ್ಜಿಯ ಮಗಳು ಗಣಿತದ ಟೆಸ್ಟಿನಲ್ಲಿ ಕಾಪಿ ಹೊಡೆದಳೆಂದು ಮೆಣಸು ಇಬ್ಬರ ಕಿವಿಯಲ್ಲಿ ಊದಿದಳು. ಹಾಗೇನೂ ನಡೆದಿರಲಿಲ್ಲ. ಆದರೂ ಮಾತು ಇಡೀ ಕ್ಲಾಸು ಸುತ್ತಿತು. ಯಾರೂ ಆ ಹುಡುಗಿಯ ಪಕ್ಕ ಕೂರಲಿಲ್ಲ. ಇನ್ನು ಹಾಡಲು ಬರುವುದಿಲ್ಲವೆಂದು ಅವಳು ಬೆಳಿಗ್ಗೆ ಹೇಳಿ ಕಳಿಸಿದ್ದಳು. ಅದಕ್ಕೇ ಟೀಚರ್ 'ಹಾಗಾದ್ರೆ' ಎಂದದ್ದು.

ಹಾಡುವ ಮುನ್ನ ಒಂದು ನಿಮಿಷ ಎಲ್ಲರೂ ಬಾಯಿ ಮುಚ್ಚಿ ನಿಲ್ಲಬೇಕು. ಯಾರ ಮುಂದೆ ಹಾಡುತ್ತೇವೆಂಬುದು ಮೊದಲು ನೆನಪಾಗಲಿ ಎಂದು ಟೀಚರ್ ಮಾಡಿದ ನಿಯಮ. ಹಿಂದಿನ ಸಾಲಿಗೆ ಹೋದಮೇಲೆ ಆ ನಿಮಿಷದಲ್ಲಿ ಮೆಣಸು ದಿನವೂ ಪಕ್ಕದವಳ ಕಾಲು ತುಳಿಯುತ್ತಿದ್ದಳು. ಇವತ್ತು ಮುಂದೆ ಅವಳೊಬ್ಬಳೇ. ತುಳಿಯಲು ಯಾರೂ ಇರಲಿಲ್ಲ.

ಎದುರಿಗೆ ಬಿಳಿ ಬಟ್ಟೆ ಹೊದಿಸಿದ ಪೀಠ. ಎಲ್ಲೂ ಸದ್ದಿಲ್ಲ. 'ಪರಿಶುದ್ಧನೇ' ಎಂದು ಹಾಡು ಶುರುವಾಗಬೇಕು. ನೂರು ಸಲ ಹಾಡಿದ ಮಾತು. ಆದರೆ ಆ ಮಾತನ್ನು ಕೇಳುವವನು ಇಲ್ಲೇ ಇದ್ದಾನೆ ಎಂದು ಅವಳಿಗೆ ಇದ್ದಕ್ಕಿದ್ದಂತೆ ಅನ್ನಿಸಿತು. ಅವನಲ್ಲಿ ಒಂದು ಚೂರೂ ಸುಳ್ಳಿಲ್ಲ. ಅವನ ಮುಂದೆ ಅವಳ ಎರಡು ವರ್ಷ, ಜ್ವರ, ನ್ಯಾಯ ಯಾವುದೂ ನಿಲ್ಲಲಿಲ್ಲ. ಸುಳ್ಳು ಹೇಳಿದ ಬಾಯಿ ಮಾತ್ರ ಉಳಿಯಿತು. ಮೆಣಸಿಗೆ ಭಯವಾಯಿತು, ನಾಚಿಕೆಯಾಯಿತು. ಓಡಿಹೋಗಬೇಕು ಅನ್ನಿಸಿತು, ಅಲ್ಲೇ ಇರಬೇಕು ಎಂದೂ ಅನ್ನಿಸಿತು.

ಟೀಚರ್ ಪಿಯಾನೋದಲ್ಲಿ ಸ್ವರ ಕೊಟ್ಟರು. ಅವಳು ಬಾಯಿ ತೆರೆದಳು. ಹಾಡು ಬರಲಿಲ್ಲ.

"ಅವಳು ಕಾಪಿ ಹೊಡೀಲಿಲ್ಲ. ನಾನೇ ಸುಳ್ಳು ಹೇಳ್ದೆ."

ಹಿಂದೆ ಯಾರೋ ಕಿಸಕ್ಕೆಂದರು. ಟೀಚರ್ ಬೈಯಲಿಲ್ಲ. ದೇವರಲ್ಲಿ ಕ್ಷಮೆ ಕೇಳು, ಆಮೇಲೆ ಅವಳ ಹತ್ತಿರ ಹೋಗು ಎಂದರು. ಮೆಣಸು ಕಣ್ಣು ಮುಚ್ಚಿ ಕೇಳಿಕೊಂಡಳು. ಅಳು ಬಂತು, ಅತ್ತಳು. ಮುಖ ಒರೆಸಿಕೊಂಡು ಹೊರಟಳು.

ದರ್ಜಿಯ ಮಗಳು ಅಂಗಡಿಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಮೆಣಸು ಒಂದೇ ಉಸಿರಿಗೆ ಎಲ್ಲ ಹೇಳಿದಳು. ನಾಳೆ ಕ್ಲಾಸಿನಲ್ಲೂ ಹೇಳುತ್ತೇನೆ, ಮೊದಲ ಚರಣ ನಿನ್ನದೇ ಎಂದಳು.

"ಹೇಳಾಯ್ತಲ್ಲ, ಹೋಗು," ಎಂದಳು ಆ ಹುಡುಗಿ, ಸೂಜಿಯಿಂದ ಕಣ್ಣೆತ್ತದೆ. "ನಾಲ್ಕು ದಿನ ಒಬ್ಳೇ ಕೂತು ಊಟ ಮಾಡಿದ್ದೀನಿ."

ಮೆಣಸಿಗೆ ಚುರ್ರೆಂದಿತು. ಅಷ್ಟು ದೂರದಿಂದ ಬಂದು ತಪ್ಪೊಪ್ಪಿಕೊಂಡರೂ ಇಷ್ಟು ಗತ್ತೇ? ಉತ್ತರ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಅವಳು ಅದನ್ನು ನುಂಗಿಕೊಂಡಳು. ಸಿಟ್ಟು ಮಾಡಿಕೊಳ್ಳುವ ಸರದಿ ಈ ಸಲ ತನ್ನದಲ್ಲ.

ಇನ್ನೂ ಬೈಯುವುದಿದ್ದರೆ ಬೈಯಲಿ ಎಂದು ಬಾಗಿಲಲ್ಲೇ ನಿಂತಳು.