‘ಶುರು’ವಿಗೊಂದು ವಾಕ್ಯ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ನಾಲಿಗೆ ಬಿದ್ದುಹೋಗಲಿ.

ನಿಘಂಟು ಕಚೇರಿಯೊಂದರಲ್ಲಿ ಒಬ್ಬ ಸಂಪಾದಕಿಯಿದ್ದಳು. ಅಡ್ಡಹೆಸರು ಮೂಗುಮುರಿ. ಅವಳು ಮೂಗು ಮುರಿದ ರಭಸಕ್ಕೆ ಗೋಡೆಯ ಸುಣ್ಣ ಉದುರುತ್ತಿತ್ತು.

ಅಲ್ಲಿಯ ಪದ್ಧತಿಯೇ ಬೇರೆ. ಪ್ರತಿ ಪದಕ್ಕೂ ಎದುರಿಗಿದ್ದವರ ಮುಖ ನೋಡಿ ಒಂದು ವಾಕ್ಯ ಹೇಳಬೇಕು. ಸಹಜವಾಗಿ ಕೇಳಿಸಿದರೆ ಉದಾಹರಣೆಯಾಗಿ ಅಚ್ಚಿಗೆ, ಇಲ್ಲವಾದರೆ ಕಸದ ಬುಟ್ಟಿಗೆ.

ಆ ತಿಂಗಳು ‘ಮೊದಲಾಗುವುದು’ ಎಂಬ ಅರ್ಥದ ಪದಗಳ ಸರದಿ. ವಾಕ್ಯ ಹೇಳಲು ಅವಳ ಎದುರಿನ ಕುರ್ಚಿಗೆ ಹೊಸಬನೊಬ್ಬ ಬಂದು ಕೂತ.

“‘ಆರಂಭ’ಕ್ಕೂ ‘ಶುರು’ವಿಗೂ ಏನ್ರೀ ವ್ಯತ್ಯಾಸ?” ಕೂತ ಕೂಡಲೇ ಕೇಳಿದಳು.

“ಸಭೆ ಆರಂಭವಾಗತ್ತೆ ಮೇಡಂ. ತಲೆನೋವು ಶುರುವಾಗತ್ತೆ.”

ಪರವಾಗಿಲ್ಲ... ಪೂರ್ತಿ ದಡ್ಡನಲ್ಲ, ಅಂದುಕೊಂಡಳು. ಬಾಯಲ್ಲಿ ಬಂದದ್ದು ಮಾತ್ರ, “ಇಷ್ಟಕ್ಕೆ ಸಂಬಳ ಬೇರೆ ಕೊಡ್ತಾರಾ?”

ತಿಂಗಳಿಡೀ ಇದೇ ಪಾಡು. ನಾಂದಿ, ಅಂಕುರ, ಶ್ರೀಕಾರ... ಅವನ ವಾಕ್ಯಗಳಿಗೆಲ್ಲ ಬುಟ್ಟಿಯೇ ಗತಿ.

“‘ದೀಕ್ಷೆ’ಗೆ?”

“ಈ ಮೇಜಿಗೆ ಬಂದ್ಮೇಲೆ ನಾನು ತಾಳ್ಮೆಯ ದೀಕ್ಷೆ ತಗೊಂಡೆ.”

“ಬುಟ್ಟಿಗೆ.”

ಒಂದು ಮಧ್ಯಾಹ್ನ ಅವನು ಪೆನ್ನು ಕೆಳಗಿಟ್ಟ. ಅವಳ ಮುಖ ನೋಡಿ ಹೇಳಿದ, “ನೀವು ಬೈಯೋದು ಕೇಳ್ದೆ ನಂಗೆ ದಿನಾನೇ ಶುರುವಾಗಲ್ಲ ಕಣ್ರೀ...”

“ಕೃತಕ,” ಅಂದಳು, ತಲೆಯೆತ್ತದೆ. “ಬದುಕಿರೋ ಮನುಷ್ಯರು ಯಾರೂ ಹೀಗೆ ಮಾತಾಡಲ್ಲ. ಬುಟ್ಟಿಗೆ ಹಾಕಿ. ಮುಂದಿನದು?”

ಅವಳು ತಲೆಯೆತ್ತಿದಳು. ಕುರ್ಚಿ ಖಾಲಿಯಾಗಿತ್ತು.

ಸಂಜೆ ಪ್ರಧಾನ ಸಂಪಾದಕರು ಬಂದರು. “ಏನಂದೆಯಮ್ಮಾ ಅವನಿಗೆ? ಬೇರೆ ಊರಿನ ಶಾಖೆಗೆ ಹಾಕಿ ಅಂತ ಹಟ ಹಿಡಿದು, ಈಗಷ್ಟೇ ಬಸ್ಸಿಗೆ ಹೊರಟ.”

“‘ಶುರು’ವಿಗೆ ಕೆಟ್ಟ ವಾಕ್ಯ ಕೊಟ್ಟ ಸರ್. ಬುಟ್ಟಿಗೆ ಹಾಕಿ ಅಂದೆ.”

“‘ಶುರು’ ಹೋದ ವಾರವೇ ಅಚ್ಚಿಗೆ ಹೋಯ್ತಲ್ಲಮ್ಮ.”

ಅವಳು ಬುಟ್ಟಿಯತ್ತ ತಿರುಗಿದಳು. ಹಾಗಾದ್ರೆ ಅದು ಉದಾಹರಣೆ ಅಲ್ಲ... ಅಯ್ಯೋ, ನಾನು ಬುಟ್ಟಿಗೆ ಹಾಕಿದ್ದು ಏನನ್ನ?

ಓಡಿದಳು. ಒಂದು ಚಪ್ಪಲಿ ಮೆಟ್ಟಿಲ ಮೇಲೆ ಉಳಿಯಿತು, ಇನ್ನೊಂದು ಎಲ್ಲಿ ಹೋಯಿತೋ ಇವತ್ತಿಗೂ ಪತ್ತೆಯಿಲ್ಲ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಅವನಿದ್ದ.

“ಬೈಯೋಕೆ ಇಲ್ಲಿವರೆಗೂ ಬಂದ್ರಾ?”

“ಹೂಂ. ನಿಮ್ಮಂಥ ಪೆದ್ದನ್ನ ನಾನು ಕಂಡಿಲ್ಲ. ದಿನವಿಡೀ ಉದಾಹರಣೆ ಹೇಳೋ ಬಾಯಲ್ಲೇ ನಿಜ ಹೇಳಿದ್ರೆ ಯಾರಿಗ್ರೀ ಗೊತ್ತಾಗತ್ತೆ?” ದನಿ ಒಡೆಯಿತು. “ಬೇರೆ ಯಾರನ್ನ ಬೈದ್ರೂ ನಂಗೆ ಸಮಾಧಾನ ಆಗಲ್ಲ. ಹೋಗ್ಬೇಡಿ...”

ಅವನ ಮೀಸೆಯಡಿ ನಗು ಮೂಡಿತು.

ಅವಳು ಕಣ್ಣೊರೆಸಿಕೊಂಡಳು. “ಹಲ್ಲು ಕಿರೀಬೇಡಿ. ನಂದೂ ಷರತ್ತಿದೆ. ಮೊದಲು ಆ ಮೀಸೆ ತೆಗೀಬೇಕು. ಆಮೇಲೆ ನಮ್ಮಮ್ಮನ ಎದುರು ನೀವು...”

ಅವನು ಚೀಲ ಹೆಗಲಿಗೇರಿಸಿ ನಡೆದೇಬಿಟ್ಟ.

“ರೀ, ನಾನಿನ್ನೂ ಮುಗಿಸಿಲ್ಲ. ಎಲ್ಲಿಗೆ?”

“ನಿಮ್ಮಮ್ಮನ್ನ ಕೇಳೋಕೆ. ಮಿಕ್ಕಿದ್ದು ದಾರೀಲಿ ಬೈತಾ ಬನ್ನಿ.”