ಕೆಮ್ಮುವವರ ನಂಬರ್

"ಹೊಟ್ಟೆಯಲ್ಲಿ ನಾಲ್ಕಕ್ಷರ ಇಲ್ಲ, ಆದ್ರೆ ಊರವರ ಬ್ಯಾಲೆನ್ಸ್ ತಿನ್ನೋದು ಮಾತ್ರ ಚೆನ್ನಾಗಿ ಬರುತ್ತೆ. ಹೆಗ್ಗಣ ಕಣಯ್ಯಾ ನೀನು, ಹೆಗ್ಗಣ."

ಬೆಳಗಿನ ಹತ್ತು ಗಂಟೆ. ಮೊಬೈಲ್ ರಿಪೇರಿ ಅಂಗಡಿಯ ಗಾಜಿನ ಕೌಂಟರಿನ ಮುಂದೆ ಏಳು ಜನ ನಿಂತಿದ್ದರು. ಏಳೂ ಜನರಿಗೆ ಕೇಳಿಸುವ ಹಾಗೆ ಹೇಳಿ, ಎದುರು ಸಾಲಿನ ಟೈಲರ್ ಹುಡುಗಿ ತನ್ನ ಫೋನನ್ನು ಗಾಜಿನ ಮೇಲೆ ಕುಕ್ಕಿದಳು. ಯಾರೋ ಕಿಸಕ್ಕನೆ ನಕ್ಕರು.

ಅಂಗಡಿಯವನನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು 'ಕಿವಿ' ಎಂದು. ಫೋನನ್ನು ಬಿಚ್ಚದೆ, ಬರೀ ಕಿವಿಗೆ ಹಿಡಿದು, ಕೆಟ್ಟಿರುವುದು ಸ್ಪೀಕರೋ ಮೈಕೋ ಹೇಳಬಲ್ಲವನು. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಅವನನ್ನು ಎದ್ದು ನಿಲ್ಲಿಸಿ ಪಾಠ ಓದಿಸಿದ್ದರು. ಅವನು ತಡವರಿಸಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಅವತ್ತು ಬ್ಯಾಗು ಬಿಸಾಡಿ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಬೈಸಿಕೊಂಡು ಸುಮ್ಮನಿದ್ದ ಒಂದೇ ಒಂದು ದಿನ ಅವನ ಬಾಳಿನಲ್ಲಿ ಇರಲಿಲ್ಲ.

ತಿರುಗಿ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಅವಳ ಕೈ ಕಣ್ಣಿಗೆ ಬಿತ್ತು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು ಗಾಜಿನ ಅಂಚನ್ನು ಹಿಡಿದುಕೊಂಡಿದ್ದವು, ಹಿಡಿದೂ ನಡುಗುತ್ತಿದ್ದವು. ಇವಳು ಕೋಪದಲ್ಲಿ ಬಂದವಳಲ್ಲ, ಭಯದಲ್ಲಿ ಬಂದವಳು. ಅವನು ಬೈಯುವುದನ್ನು ಬಿಟ್ಟ.

ಫೋನ್ ಎತ್ತಿಕೊಂಡು ಹಿಂದಿನ ಕರೆಗಳನ್ನು ನೋಡಿದ. ಒಂದೇ ನಂಬರ್, ನಲವತ್ತೊಂದು ನಿಮಿಷ. ಅದೇ ನಂಬರಿಗೆ ತನ್ನ ಫೋನಿನಿಂದ ಹಚ್ಚಿ ಸ್ಪೀಕರ್ ಹಾಕಿದ. ಸಣ್ಣಗೆ ಒಂದು ಹಾಡು ಶುರುವಾಯಿತು. ನಡುವೆ ಒಂದು ಹೆಣ್ಣುದನಿ, ನಿಮ್ಮ ಕರೆ ನಮಗೆ ಮುಖ್ಯ ಎಂದಿತು. ಮತ್ತೆ ಅದೇ ಹಾಡು.

"ನಿಮ್ಮ ಬ್ಯಾಲೆನ್ಸ್ ತಿಂದಿದ್ದು ನಾನಲ್ಲ," ಅಂದ ಕಿವಿ. "ಈ ಹಾಡು."

ಆಮೇಲೆ ಅವಳಿಗೆ ಹೇಳುವ ನೆಪದಲ್ಲಿ ನಿಂತವರಿಗೆಲ್ಲ ಬಿಡಿಸಿ ಹೇಳಿದ. ಟ್ಯಾಕ್ಸ್ ಆಫೀಸಿನ ನಂಬರ್ ಎಂದು ನೆಟ್ಟಿನಲ್ಲಿ ಮೊದಲು ಕಾಣುವುದು ಆಫೀಸಿನದಲ್ಲ. ನಡುವೆ ಯಾರೋ ಕೂತು ಕರೆಯನ್ನು ಆಫೀಸಿಗೆ ದಾಟಿಸುತ್ತಾರೆ, ಕಾದ ನಿಮಿಷಕ್ಕೂ ಕಿತ್ತುಕೊಳ್ಳುತ್ತಾರೆ. ಅದೇ ಟೇಬಲ್ಲಿಗೆ ಹೋಗುವ ಸಾದಾ ಲ್ಯಾಂಡ್‌ಲೈನ್ ನಂಬರ್ ಬೇರೆ ಇರುತ್ತದೆ, ಮನೆಗೆ ಫೋನ್ ಮಾಡಿದಷ್ಟೇ ಖರ್ಚು. ಗೊತ್ತಿದ್ದವರು ಹೇಳುವುದಿಲ್ಲ. ಗೊತ್ತಿಲ್ಲದವರು ಹಾಡು ಕೇಳುತ್ತಾರೆ.

ಅವಳ ಮುಖ ಬಿಳಿಚಿಕೊಂಡಿತು. ಫೋನ್ ತೆಗೆದುಕೊಂಡು ರಸ್ತೆ ದಾಟಿದಳು.

ಮರುದಿನ ಶಟರ್ ಅರ್ಧ ಏರುವಷ್ಟರಲ್ಲಿ ಎದುರು ನಿಂತಿದ್ದಳು, ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ. ಬೈಯುವಾಗ 'ನೀನು' ಎಂದವಳು ಈಗ 'ನೀವು' ಎನ್ನುತ್ತಿದ್ದಳು. ಅವನಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಕಾಗದ ಟ್ಯಾಕ್ಸ್ ಆಫೀಸಿನ ನೋಟಿಸು. ಬಂದಿದ್ದು ಅವಳ ಅಪ್ಪನ ಹೆಸರಿಗೆ. ಅಪ್ಪ ತೀರಿಕೊಂಡು ಎರಡು ವರ್ಷ. ಟೈಲರ್ ಅಂಗಡಿ ಇನ್ನೂ ಅವರ ಹೆಸರಿನಲ್ಲೇ ನಡೆಯುತ್ತಿತ್ತು. ಹದಿನೈದು ದಿನದೊಳಗೆ ಸರಿಯಾದ ಉತ್ತರ ಕೊಡದಿದ್ದರೆ ಬಾಗಿಲಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತುತ್ತಾರೆ. ಅಮ್ಮನಿಗೆ ವಿಷಯ ಗೊತ್ತಿಲ್ಲ. ಅಪ್ಪ ಕೂರುತ್ತಿದ್ದ ಸ್ಟೂಲಿನ ಮೇಲೆ ಇವತ್ತಿಗೂ ಯಾರನ್ನೂ ಕೂರಿಸದ ಅಮ್ಮ ಅವರು. ಆ ಬಾಗಿಲು ಮುಚ್ಚಿದರೆ ಅಪ್ಪನನ್ನು ಎರಡನೇ ಸಲ ಹೊತ್ತುಕೊಂಡು ಹೋದ ಹಾಗೆ ಎಂದಳು. ನೋಟಿಸನ್ನು ಹೊಲಿಗೆ ಮಿಷನ್ನಿನ ಹೊದಿಕೆಯ ಕೆಳಗೆ ಬಚ್ಚಿಟ್ಟಿದ್ದಳಂತೆ. ಮೂರು ದಿನದಿಂದ ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲವಂತೆ.

ಕಿವಿ ಕೌಂಟರಿನ ಕೆಳಗಿಂದ ತನ್ನ ಹಳೇ ನೋಟುಬುಕ್ ತೆಗೆದ. ಈವರೆಗೆ ಯಾರಿಗೂ ತೋರಿಸಿರಲಿಲ್ಲ. ಆಫೀಸಿನ ಹಳೇ ಕವರುಗಳ ಮೂಲೆಯಲ್ಲಿ ಅಚ್ಚಾದ ಲ್ಯಾಂಡ್‌ಲೈನ್ ನಂಬರ್ ಹುಡುಕಿ, ಅದರ ಕೊನೆಯ ಎರಡು ಅಂಕಿ ಒಂದೊಂದಾಗಿ ಬದಲಿಸಿ, ಯಾವುದು ಯಾವ ಟೇಬಲ್ಲಿಗೆ ಹೋಗುತ್ತದೆಂದು ವರ್ಷಗಟ್ಟಲೆ ಕೇಳಿ ಕೇಳಿ ಬರೆದದ್ದು. ಬರೆದದ್ದು ಎನ್ನುವುದಕ್ಕಿಂತ ಗೀಚಿದ್ದು ಎನ್ನಬೇಕು. ಅಂಕಿಗಳ ಪಕ್ಕ ಅಕ್ಷರ ಇರಲಿಲ್ಲ, ಚಿತ್ರ ಇತ್ತು. ಒಂದು ಚಮಚ, ಅಂದರೆ ಯಾವಾಗಲೂ ಲೋಟ ಕಲಕುತ್ತಾ ಮಾತಾಡುವವರು. ಒಂದು ಬೀಗ, ಅಂದರೆ ಬಾಯಿ ಬಿಡದವರು. ಪಕ್ಕದಲ್ಲಿ ಕತ್ತರಿ ಗುರುತಿದ್ದರೆ, ಬೇರೆ ದನಿ ಎತ್ತಿದ ಒಡನೆ ಕಟ್ ಮಾಡಬೇಕು, ಹೆಸರು ಹೇಳಬಾರದು.

ಅವಳು ನಗುತ್ತಾಳೆಂದು ಮೈಯೆಲ್ಲ ಬಿಗಿ ಹಿಡಿದು ಕಾದ. ಅವಳು ನಗಲಿಲ್ಲ. ಪಕ್ಕದಲ್ಲಿ ಕತ್ತರಿ ಇದ್ದ ಒಂದು ಎದೆಯ ಚಿತ್ರದ ಮೇಲೆ ಬೆರಳಿಟ್ಟು ಇದು ಯಾರು ಎಂದು ಕೇಳಿದಳು.

"ಕೆಮ್ಮುವವರು. ಮೂರನೇ ರಿಂಗಿಗೆ ಎತ್ತುತ್ತಾರೆ. ಒಂದು ಸಲ ಕೆಮ್ಮಿ ಆಮೇಲೆ ಹಲೋ. ಇಡೀ ಆಫೀಸಿನಲ್ಲಿ ಪೂರ್ತಿ ಮಾತು ಕೇಳಿಸಿಕೊಳ್ಳೋರು ಅವರೊಬ್ಬರೇ."

ಅವತ್ತಿನಿಂದ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚಿನ ಅರ್ಧ ಗಂಟೆ ಅವರಿಬ್ಬರದು. ಕೌಂಟರಿನ ಒಳಗೆ ಇವನು, ಹೊರಗೆ ಅವಳು, ನಡುವೆ ಒಂದು ಇಯರ್‌ಫೋನ್. ಒಂದು ತುದಿ ಇವನ ಕಿವಿಗೆ, ಇನ್ನೊಂದು ಅವಳ ಕಿವಿಗೆ. ವೈರು ಗಿಡ್ಡ. ಹಾಗಾಗಿ ತಲೆಗಳು ಹತ್ತಿರ ಬರಲೇಬೇಕಿತ್ತು.

ಕೆಮ್ಮುವವರ ಫೋನು ಬಡಿದುಕೊಳ್ಳುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಉಳಿದವರು ಈ ಟೇಬಲ್ ಅಲ್ಲ, ಆ ಟೇಬಲ್ ಎಂದು ಸಾಗಹಾಕುತ್ತಿದ್ದರು. ಪ್ರತಿ ರಿಂಗಿಗೂ ಅವಳು ಉಸಿರು ಹಿಡಿಯುವುದು ಅವನಿಗೆ ಕೇಳಿಸುತ್ತಿತ್ತು. ಅವಳ ಭಯ ವೈರಿನಲ್ಲಿ ಇಳಿದು ಇವನ ಹೊಟ್ಟೆ ಸೇರುತ್ತಿತ್ತು. ದಿನಗಳು ಒಂದೊಂದಾಗಿ ಸರಿಯುತ್ತಿದ್ದವು. ಅಂಥದರಲ್ಲೂ ಒಂದು ಬೆಳಿಗ್ಗೆ ಅವಳು ಕಣ್ಣು ಓರೆ ಮಾಡಿ ಅವನನ್ನು ಅಳೆದಳು.

"ನಿಮ್ಮ ಎಡ ಭುಜ ಅರ್ಧ ಇಂಚು ಇಳಿದಿದೆ."

"ಹುಟ್ಟಿದಾಗ ಸರಿಯಾಗೇ ಇತ್ತು."

"ಬಗ್ಗಿ ಬಗ್ಗಿ ಇಳಿಸಿಕೊಂಡಿದ್ದೀರಿ. ನಿಮಗೆ ರೆಡಿಮೇಡ್ ಶರ್ಟ್ ಕೂರೋಲ್ಲ." ಹೇಳಿ, ನೋಟ ಭುಜದಿಂದ ಕತ್ತಿಗೆ, ಕತ್ತಿನಿಂದ ಕಣ್ಣಿಗೆ ಬಂದು, ಅಲ್ಲಿ ಒಂದು ಕ್ಷಣ ಹೆಚ್ಚೇ ನಿಂತು, ಗಾಜಿನೊಳಗಿನ ಚಾರ್ಜರುಗಳ ಮೇಲೆ ಬಿತ್ತು. ಅವತ್ತೆಲ್ಲ ಕಿವಿ ಸ್ಕ್ರೂಗಳನ್ನು ಕೆಳಗೆ ಬೀಳಿಸುತ್ತಲೇ ಇದ್ದ.

ಗಡುವು ಮುಗಿಯುವುದು ಮರುದಿನ ಮಧ್ಯಾಹ್ನಕ್ಕೆ. ಅವತ್ತು ಬುಧವಾರ. ಕೆಮ್ಮುವವರ ನಂಬರಿನಲ್ಲಿ ಮೂರನೇ ರಿಂಗಿಗೆ ಫೋನು ಎತ್ತಿದರು.

ಕೆಮ್ಮು ಬರಲಿಲ್ಲ.

"ಹೇಳಿ," ಎಂದಿತು ಹೊಸ ದನಿ. ಸಾಣೆ ಹಿಡಿದ ಬ್ಲೇಡಿನಂಥ ದನಿ. ಇದು ಅವರಲ್ಲ ಎಂದು ಆ ಒಂದೇ ಮಾತಿಗೆ ಗೊತ್ತಾಯಿತು. ಕತ್ತರಿ ಗುರುತು. ಕಟ್ ಮಾಡಬೇಕು. ಹೆಬ್ಬೆರಳು ಕೆಂಪು ಬಟನ್ನಿನ ಮೇಲಿತ್ತು.

ಆ ಹೊತ್ತಿಗೆ ಸರಿಯಾಗಿ ಅವಳು ಫೋನು ಎತ್ತಿದ ಸಂತೋಷಕ್ಕೆ ಇನ್ನಷ್ಟು ಬಾಗಿದಳು. ಅವಳ ಕೂದಲು ಇವನ ಕೆನ್ನೆಗೆ ತಾಗಿತು. ಹೆಬ್ಬೆರಳು ಒತ್ತಲಿಲ್ಲ.

ಅವಳು ಎಲ್ಲ ಹೇಳಿದಳು. ಅಪ್ಪನ ಹೆಸರು, ತೀರಿಕೊಂಡದ್ದು, ಅಂಗಡಿಯ ವಿಳಾಸ. ದನಿ ಮೆತ್ತಗಾಯಿತು. ನೀವೇನೂ ಓಡಾಡಬೇಡಿ, ನಾಳೆ ಮಧ್ಯಾಹ್ನ ನಾವೇ ಬರ್ತೀವಿ ಎಂದಿತು. ಅದರ ಹಿಂದೆ, ಬಹಳ ದೂರದಲ್ಲಿ, ಮತ್ತೊಂದು ದನಿ ಅರಗಿನ ಡಬ್ಬಿ ಗಾಡಿಯಲ್ಲಿಡಲಾ ಎಂದು ಕೇಳಿದ್ದು ಕಿವಿಗೆ ಮಾತ್ರ ಕೇಳಿಸಿತು.

"ಅವರೇ ಬರ್ತಾರಂತೆ," ಎಂದಳು ಅವಳು. ಹನ್ನೆರಡು ದಿನದಲ್ಲಿ ಮೊದಲ ಸಲ ನಕ್ಕಿದ್ದಳು.

ಅರಗಿನ ಮಾತನ್ನು ಅವನು ಹೇಳಲಿಲ್ಲ. ಎಲ್ಲೋ ಕಪಾಟಿನಲ್ಲಿ ಮಲಗಿದ್ದ ಫೈಲನ್ನು ತಾನೇ ಎಬ್ಬಿಸಿ, ಬೀಗ ಹಾಕುವವರ ಕೈಗೆ ವಿಳಾಸ ಸಮೇತ ಕೊಟ್ಟಿದ್ದ. ಶಟರ್ ಎಳೆದುಕೊಂಡು ಒಳಗೆ ಕೂತು ನೋಟುಬುಕ್ಕಿನ ಮೊದಲ ಪುಟದಿಂದ ಒಂದೊಂದೇ ನಂಬರ್ ಒತ್ತತೊಡಗಿದ. ಮಾತಾಡಲಿಲ್ಲ, ಕೇಳುತ್ತಿದ್ದ ಅಷ್ಟೆ. ಎದುರು ಅಂಗಡಿಯಲ್ಲಿ ಮಿಷನ್ನಿನ ಸದ್ದು ಎಷ್ಟೋ ದಿನದ ಮೇಲೆ ಒಂದೇ ಸಮನೆ ಓಡುತ್ತಿತ್ತು. ನಾಳೆ ಅದು ನಿಲ್ಲುತ್ತದೆ, ನಿಲ್ಲಿಸಿದವನು ತಾನು.

ಐವತ್ತೆಂಟನೆಯ ನಂಬರಿನಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ, ಯಾರೋ ಕೆಮ್ಮಿದರು.

ಕಿವಿಯ ಕಣ್ಣಲ್ಲಿ ನೀರು ಬಂತು. ಅವರನ್ನು ಹಿಂದಿನ ಕಟ್ಟಡದ ಬೇರೆ ಕೋಣೆಗೆ ಹಾಕಿದ್ದರಂತೆ. ಹಳೇ ಕುರ್ಚಿ ಎರಡು ವಾರ ಖಾಲಿ ಇದ್ದು, ಈಗ ಅಲ್ಲಿಗೆ ಬೀಗ ಹಾಕುವ ತಂಡದವರು ಬಂದಿದ್ದಾರಂತೆ. ಪೂರ್ತಿ ಕೇಳಿಸಿಕೊಂಡ ಮೇಲೆ ಒಂದೇ ದಾರಿ ಹೇಳಿದರು. ನಾಳೆ ಬೆಳಿಗ್ಗೆ ಮರಣ ಪ್ರಮಾಣಪತ್ರದ ಜೊತೆ ಹೆಸರು ಬದಲಾವಣೆಯ ಅರ್ಜಿ ತಂದರೆ, ಮುಟ್ಟಿದೆ ಎಂದು ಪ್ರತಿಯ ಮೇಲೆ ಸೀಲು ಒತ್ತಿ ಕೊಡುತ್ತಾರೆ. ಆ ಸೀಲಿದ್ದರೆ ಬಾಗಿಲು ಮುಟ್ಟುವ ಹಾಗಿಲ್ಲ.

ಮರಣ ಪ್ರಮಾಣಪತ್ರ ಇರುವುದು ಅವಳ ಹತ್ತಿರ. ಅಂದರೆ ಹೇಳಲೇಬೇಕು.

ಸಂಜೆ ರಸ್ತೆ ದಾಟಿದ. ಅಮ್ಮ ಹಿಂದಿನ ಕೋಣೆಯಲ್ಲಿ ಗುಂಡಿ ಹಚ್ಚುತ್ತಿದ್ದರು. ಇವನು ದನಿ ತಗ್ಗಿಸಿ ಎಲ್ಲವನ್ನೂ ಹೇಳಿದ, ಒಂದನ್ನು ಬಿಟ್ಟು. ಅವಳು ಮಿಷನ್ ನಿಲ್ಲಿಸಿದಳು.

"ಮೊದಲನೇ ಮಾತಿಗೇ ಗೊತ್ತಾಯ್ತಾ, ಅದು ಅವರಲ್ಲ ಅಂತ?"

"ಗೊತ್ತಾಯ್ತು."

"ಮತ್ತೆ ಯಾಕೆ ಕಟ್ ಮಾಡ್ಲಿಲ್ಲ?"

ಸುಳ್ಳು ಹೇಳಬಹುದಿತ್ತು. ಗೋಡೆಗೆ ತೂಗುಹಾಕಿದ ಟೇಪನ್ನು ನೋಡುತ್ತಾ ಹೇಳಿದ. "ಕಟ್ ಮಾಡಿದ್ರೆ ನೀನು ಇಯರ್‌ಫೋನ್ ತೆಗೆದಿಟ್ಟು ಎದ್ದು ಹೋಗ್ತಿದ್ದೆ."

ಅವಳ ಮುಖದಲ್ಲಿ ಭಯವಿತ್ತು, ಸಿಟ್ಟಿತ್ತು. ಇನ್ನೊಂದು ಏನೋ ಇತ್ತು, ಅದನ್ನು ನೋಡುವ ಧೈರ್ಯ ಅವನಿಗೆ ಇರಲಿಲ್ಲ.

"ಅಪ್ಪನ ಬಾಗಿಲು ಒಂದು ಕಡೆ. ನಿನ್ನ ಎರಡು ನಿಮಿಷ ಒಂದು ಕಡೆ. ಅಲ್ವಾ?"

ಅವನು ತಲೆ ತಗ್ಗಿಸಿದ. ಅವಳು ಮತ್ತೆ 'ನೀನು' ಎಂದಿದ್ದು ಗೊತ್ತಾಯಿತು. ಬೈಯಲಿಕ್ಕೋ, ಬೇರೆ ಯಾತಕ್ಕೋ, ಅದು ಗೊತ್ತಾಗಲಿಲ್ಲ.

"ನಾಳೆ ಎಂಟಕ್ಕೆ ಬಾ. ಆ ಪುಸ್ತಕ ತಗೊಂಡು ಬಾ."

ಗುರುವಾರ ಹಿಂದಿನ ಕಟ್ಟಡದ ಕಿಟಕಿಯಲ್ಲಿ ಕೆಮ್ಮುವವರನ್ನು ಕಂಡರು. ಸಣಕಲು ಮನುಷ್ಯ, ಕುತ್ತಿಗೆಗೆ ಮಫ್ಲರ್. ಕಾಗದಗಳನ್ನು ಎರಡು ಸಲ ಓದಿ, ಸೀಲಿಗೆ ಬಾಯುಸಿರು ಊದಿ ಒತ್ತಿದರು. ಒಂದೇ ಮಾತು ಕೇಳಿಕೊಂಡರು. ಈ ನಂಬರ್ ಹೊರಗಿನವರಿಗೆ ಕೊಡುವಂಥದಲ್ಲ, ಯಾರಿಂದ ಸಿಕ್ಕಿತೆಂದು ಯಾರು ಕೇಳಿದರೂ ಬಾಯಿ ಬಿಡಬೇಡಿ, ನನ್ನ ಕೆಲಸಕ್ಕೂ ಕುತ್ತು, ನಿಮ್ಮ ಪುಸ್ತಕಕ್ಕೂ ಕುತ್ತು.

ವಾಪಸ್ ಬರುವ ಬಸ್ಸಿನಲ್ಲಿ ಅವಳು ಕಾಗದವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಇಳಿಯುವ ಮುಂಚೆ ಅವನ ಕೈಯಿಂದ ನೋಟುಬುಕ್ ತೆಗೆದುಕೊಂಡಳು.

ಗಾಡಿ ಆಗಲೇ ಅಂಗಡಿಯ ಮುಂದೆ ನಿಂತಿತ್ತು. ಬೀದಿಗೆ ಬೀದಿಯೇ ನೆರೆದಿತ್ತು. ಅಮ್ಮ ಬಾಗಿಲಲ್ಲಿ, ಕೈಯಲ್ಲಿ ದಾರ ಪೋಣಿಸಿದ ಸೂಜಿ, ಬಾಯಿ ತೆರೆದದ್ದು ತೆರೆದ ಹಾಗೆಯೇ. ಒಬ್ಬನ ಕೈಯಲ್ಲಿ ಬೀಗ. ಇನ್ನೊಬ್ಬರು ಇಸ್ತ್ರಿ ಮಾಡಿದ ಶರ್ಟಿನ ಸಾಹೇಬರು. ಅವರು ಮಾತಾಡಿದ್ದೇ ಕಿವಿ ಗುರುತಿಸಿದ. ಅದೇ ಬ್ಲೇಡು.

ಅವಳು ಅಮ್ಮನನ್ನು ದಾಟಿ ಒಳಗೆ ಹೋಗಿ, ನೋಟುಬುಕ್ಕನ್ನು ಮಿಷನ್ನಿನ ಮೇಲಿಟ್ಟು, ಅರ್ಧ ಕತ್ತರಿಸಿದ ಬಟ್ಟೆಯೊಂದನ್ನು ಅದರ ಮೇಲೆ ಎಳೆದಳು. ಆಮೇಲೆ ಹೊರಗೆ ಬಂದು ಸೀಲು ಒತ್ತಿದ ಪ್ರತಿ ಕೊಟ್ಟಳು. ಸಾಹೇಬರು ಓದಿದರು. ಬೆಳಕಿಗೆ ಹಿಡಿದು ಮತ್ತೆ ಓದಿದರು. ಬೀಗದವನು ಅರಗಿನ ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಮುಚ್ಚುವುದು, ತೆಗೆಯುವುದು ಮಾಡುತ್ತಿದ್ದ. ಆ ಸದ್ದಲ್ಲದೆ ಬೀದಿಯಲ್ಲಿ ಬೇರೆ ಸದ್ದಿರಲಿಲ್ಲ.

"ಡಬ್ಬಿ ಗಾಡಿಯಲ್ಲಿಡು," ಎಂದರು ಕೊನೆಗೆ.

ಅಮ್ಮ ಒಳಗೆ ಹೋಗಿ, ಎರಡು ವರ್ಷದಲ್ಲಿ ಮೊದಲ ಸಲ, ಅಪ್ಪನ ಸ್ಟೂಲಿನ ಮೇಲೆ ಕುಸಿದು ಕೂತರು.

ಸಾಹೇಬರು ಗಾಡಿ ಹತ್ತಲಿಲ್ಲ. ಹಿಂದಿನ ಕಟ್ಟಡದ ಆ ಕೋಣೆ ಹೊರಗಿನವರಿಗೆ ಗೊತ್ತಿರುವಂಥದಲ್ಲ, ನನ್ನ ನೇರ ನಂಬರಾದರೂ ನಿಮಗೆ ಎಲ್ಲಿ ಸಿಕ್ಕಿತು ಎಂದು ಕೇಳುತ್ತಾ, ಜನರ ಮುಖಗಳ ಮೇಲೆ ಕಣ್ಣಾಡಿಸಿ, ಅವಳ ಜೊತೆ ಬಂದಿದ್ದ ಕಿವಿಯ ಮೇಲೆ ನಿಲ್ಲಿಸಿದರು. ಅವನು ಎದುರಿನ ಮೊಬೈಲ್ ಅಂಗಡಿಯವನು ಎಂದು ಯಾರೋ ಅಂದರು. ಹಾಗಾದರೆ ಇವನೇನಾ ಹುಡುಕಿ ಕೊಟ್ಟಿದ್ದು?

ಮಫ್ಲರಿನ ಮನುಷ್ಯನ ಮುಖ ಕಿವಿಯ ಕಣ್ಣ ಮುಂದೆ ಬಂತು.

ಅವಳು ಎದುರಿಗೆ ಬಂದು ನಿಂತು, ಬೀದಿಗೆಲ್ಲ ಕೇಳಿಸುವ ಹಾಗೆ ನಕ್ಕಳು.

"ಇವನಾ? ಹೊಟ್ಟೆಯಲ್ಲಿ ನಾಲ್ಕಕ್ಷರ ಇಲ್ಲ ಸಾರ್ ಇವನಿಗೆ. ಬ್ಯಾಲೆನ್ಸ್ ತಿನ್ನೋ ಹೆಗ್ಗಣ. ಬೇಕಾದ್ರೆ ಬೀದಿಯವರನ್ನ ಕೇಳಿ."

ಬೀದಿಯವರು ಘೊಳ್ಳೆಂದು ನಕ್ಕರು. ಅವಳ ತುಟಿಯೂ ನಗುತ್ತಿತ್ತು. ಕಣ್ಣು ಮಾತ್ರ ನಗುತ್ತಿರಲಿಲ್ಲ. ಆ ಕಣ್ಣು ತುಂಬಿಕೊಂಡು ಅವನನ್ನೇ ಹಿಡಿದು ನಿಂತಿತ್ತು. ಮಿಷನ್ನಿನ ಮೇಲೆ ನೋಟುಬುಕ್ ಮುಚ್ಚಿದ ಆ ಬಟ್ಟೆ ಅವನಿಗೆ ಈಗ ಸರಿಯಾಗಿ ಕಾಣಿಸಿತು. ಅದು ಗಂಡಸರ ಶರ್ಟು. ಎಡ ಭುಜದ ಸೀಮೆಸುಣ್ಣದ ಗೆರೆ ಬಲಕ್ಕಿಂತ ಅರ್ಧ ಇಂಚು ಕೆಳಗಿತ್ತು.

"ಹೌದೇನೋ?" ಎಂದರು ಸಾಹೇಬರು.

ಬೈಸಿಕೊಂಡು ಒಂದು ದಿನವೂ ಸುಮ್ಮನಿರದ ಆ ಮನುಷ್ಯ ತಿರುಗಿದ. ಯಾರ ಮುಖವನ್ನೂ ನೋಡದೆ, ಏನೂ ಹೇಳದೆ, ಜನರ ನಡುವೆ ದಾರಿ ಮಾಡಿಕೊಂಡು ನಡೆದ. ಹಿಂದಿನಿಂದ ಅವಳು ನೋಡುತ್ತಿದ್ದಾಳೆಂದು ಗೊತ್ತಿತ್ತು. ಎಡ ಭುಜವನ್ನು ಅಷ್ಟೇ ಅಷ್ಟು ಮೇಲೆತ್ತಿದ. ಆಮೇಲೆ ಅಳತೆ ಕೆಡುತ್ತದೆಂದು ನೆನಪಾಗಿ, ಇದ್ದ ಹಾಗೆಯೇ ಇಳಿಯಲು ಬಿಟ್ಟು ರಸ್ತೆ ದಾಟಿದ.