ಡುಮ್ಮನ ಹನಿ ಔಷಧಿ

"ಅಮ್ಮಾ, ಬೂದಿ ಡ್ಯಾನ್ಸ್ ಮಾಡ್ತಿದೆ! ಬೇಗ ಬಾ!"

ತಮ್ಮನ ಕೂಗು ಕೇಳಿದಾಗ ರೇಡಿಯೋ ನಲ್ಲಿಯ ಕೆಳಗೆ ಬೆಕ್ಕಿನ ತಟ್ಟೆ ತೊಳೆಯುತ್ತಿದ್ದಳು. ಬೆಕ್ಕು ಬೂದಿಯ ತಟ್ಟೆ, ನಾಯಿ ಡುಮ್ಮನ ಬಟ್ಟಲು ಎರಡನ್ನೂ ತೊಳೆದಿಡುವುದು ದಿನಾ ಬೆಳಿಗ್ಗೆ ಅವಳ ಕೆಲಸ. ರೇಡಿಯೋ ಅವಳ ನಿಜವಾದ ಹೆಸರಲ್ಲ. ಎದ್ದಾಗಿನಿಂದ ಮಲಗುವ ತನಕ ಬಾಯಿ ಮುಚ್ಚುವುದಿಲ್ಲವೆಂದು ತಾತ ಇಟ್ಟ ಹೆಸರು. ಈಗ ಮನೆಮಂದಿಯೆಲ್ಲ ಹಾಗೇ ಕರೆಯುತ್ತಿದ್ದರು.

ಸೋಪಿನ ಕೈಯಲ್ಲೇ ಅವಳು ಒಳಗೆ ಓಡಿದಳು.

ಸೋಫಾದ ಪಕ್ಕ ಬೂದಿ ನಿಂತಿತ್ತು. ಅದರ ಕಿವಿಗಳು ಪಟಪಟ ಅದುರುತ್ತಿದ್ದವು. ಬೆನ್ನಿನ ಚರ್ಮ ಬಿಟ್ಟು ಬಿಟ್ಟು ನಡುಗುತ್ತಿತ್ತು. ಒಂದು ಹೆಜ್ಜೆ ಇಡಲು ಹೋಗಿ, ಹಿಂಗಾಲು ಜಾರಿ ಪಕ್ಕಕ್ಕೆ ಬಿದ್ದಿತು. ತಮ್ಮ ಚಪ್ಪಾಳೆ ತಟ್ಟಿ ನಕ್ಕ.

"ನಗಬೇಡ್ವೋ!" ರೇಡಿಯೋ ಎಷ್ಟು ಜೋರಾಗಿ ಕಿರುಚಿದಳೆಂದರೆ ತಮ್ಮನ ಚಪ್ಪಾಳೆ ಗಾಳಿಯಲ್ಲೇ ನಿಂತಿತು.

ಅಮ್ಮ ಬಂದು ಬಗ್ಗಿ ನೋಡಿದಳು. "ಅಯ್ಯೋ, ಬಾಯಿಂದ ಜೊಲ್ಲು ಬೇರೆ ಸುರೀತಿದೆ. ಏನೋ ವಿಷ ತಿಂದಿರಬೇಕು. ಪಕ್ಕದ್ಮನೆಯವರು ಇಲಿಗೆ ಏನೋ ಇಡ್ತೀನಿ ಅಂತಿದ್ರಲ್ಲ!"

"ಅವರ ಜೊತೆ ಆಮೇಲೆ ಜಗಳ ಆಡುವಿಯಂತೆ," ತಾತ ಆಗಲೇ ಮುಚ್ಚಳದ ಬುಟ್ಟಿ ತಂದಿದ್ದರು. "ಮೊದಲು ಡಾಕ್ಟರ್ ಹತ್ರ ಕರ್ಕೊಂಡು ಹೋಗು. ನಾನು ಚಿಕ್ಕವನನ್ನ ನೋಡ್ಕೋತೀನಿ."

ರೇಡಿಯೋ ಕೈ ಒರೆಸಿಕೊಂಡು ಬೂದಿಯನ್ನು ಬುಟ್ಟಿಯೊಳಗೆ ಮಲಗಿಸಿದಳು. ನಿನ್ನೆ ಸಂಜೆ ಏನಾಯಿತೆಂದು ಅವಳಿಗೆ ಗೊತ್ತಿತ್ತು.

ನಿನ್ನೆ ತಾತ ಡುಮ್ಮನಿಗೆ ಚಿಗಟದ ಔಷಧಿ ಹಾಕಿದ್ದರು. ತಿಂಗಳಿಗೊಮ್ಮೆ ಹಾಕಿದರೆ ಅದರ ಮೈಗೆ ಚಿಗಟ ಹತ್ತುವುದಿಲ್ಲ. ಡುಮ್ಮ ಕರುವಿನಷ್ಟು ದೊಡ್ಡ ನಾಯಿ. ರೇಡಿಯೋ ಅದರ ಹೆಗಲ ಮೇಲಿನ ಕೂದಲು ಬಿಡಿಸಿ ಹಿಡಿದಿದ್ದಳು. ತಾತ ಪುಟ್ಟ ಟ್ಯೂಬಿನ ತುದಿ ಮುರಿದು, ಹನಿ ಹನಿಯಾಗಿ ಚರ್ಮದ ಮೇಲೆ ಬಿಟ್ಟಿದ್ದರು. ಪೆಟ್ಟಿಗೆಯಲ್ಲಿ ಇನ್ನೊಂದು ಟ್ಯೂಬ್ ಉಳಿದಿತ್ತು.

"ಬೂದಿಗೂ ಹಾಕಿ ತಾತ. ಪಾಪ, ಕೆರ್ಕೊಂಡು ಕೆರ್ಕೊಂಡು ಸಾಯ್ತಿದೆ!"

"ಮುಂದಿನ ವಾರ ಬೂದಿಗೆ ವರ್ಷದ ಇಂಜೆಕ್ಷನ್ ಇದೆಯಲ್ಲ, ಅವತ್ತೇ ಡಾಕ್ಟರ್‌ನ ಕೇಳಿ ಅದರ ಔಷಧಿ ತರೋಣ. ನೀನು ಇದನ್ನ ಮುಟ್ಟಬೇಡ, ಗೊತ್ತಾಯ್ತಾ?"

ಮುಂದಿನ ವಾರ! ಅಲ್ಲಿಯ ತನಕ ಬೂದಿ ಕೆರೆದುಕೊಳ್ಳುತ್ತಲೇ ಇರಬೇಕೇ? ತಾತ ಕೈ ತೊಳೆಯಲು ಹೋದಾಗ ಅವಳು ಉಳಿದ ಟ್ಯೂಬ್ ತೆಗೆದುಕೊಂಡಳು. ಬೂದಿ ಅವಳ ತೊಡೆಯ ಮೇಲೆ ಗುರುಗುಟ್ಟುತ್ತ ಕುಳಿತಿತ್ತು. ಅವಳು ಅದರ ಕತ್ತಿನ ಹಿಂದಿನ ಕೂದಲು ಬಿಡಿಸಿ, ತಾತ ಮಾಡಿದ ಹಾಗೇ, ಟ್ಯೂಬ್ ಪೂರ್ತಿ ಖಾಲಿಯಾಗುವ ತನಕ ಹಿಂಡಿದ್ದಳು.

ಅಮ್ಮನ ಸ್ಕೂಟರಿನ ಹಿಂದೆ ರೇಡಿಯೋ ಬುಟ್ಟಿಯನ್ನು ಹೊಟ್ಟೆಗೆ ಅವಚಿಕೊಂಡು ಕುಳಿತಳು. ಒಳಗಿನ ನಡುಕ ಅವಳ ಹೊಟ್ಟೆಗೂ ತಾಗುತ್ತಿತ್ತು. ನಡುಕ ನಿಂತರೆ ಹೆದರಿಕೆ, ನಿಲ್ಲದಿದ್ದರೂ ಹೆದರಿಕೆ.

"ಏನೇ, ರೇಡಿಯೋ ಆಫ್ ಆಗಿದೆ?" ಅಮ್ಮ ತಿರುಗದೆಯೇ ಕೇಳಿದಳು. "ಭಯ ಪಡಬೇಡ ಕಂದಾ."

ಔಷಧಿಯಿಂದ ಹೀಗಾಗಲು ಸಾಧ್ಯವೇ ಇಲ್ಲ ಎಂದುಕೊಂಡಳು ರೇಡಿಯೋ. ಔಷಧಿ ಅಂದರೆ ಒಳ್ಳೆಯದು ತಾನೇ? ಡುಮ್ಮ ಬೆಳಿಗ್ಗೆ ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿತ್ತಲ್ಲ. ಪಕ್ಕದ ಮನೆಯ ಇಲಿಪಾಷಾಣವೇ ಇರಬೇಕು. ಹೌದು, ಅದೇ ಇರಲಿ.

ಪ್ರಾಣಿಗಳ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ದಪ್ಪ ಮೀಸೆಯ ಮಾಮನೊಬ್ಬರು ನಾಯಿಮರಿ ಹಿಡಿದು ಕುಳಿತಿದ್ದರು. "ಮರಿಗೆ ಮೊದಲನೇ ಇಂಜೆಕ್ಷನ್ನು. ಅದು ಆರಾಮಾಗಿ ನಿದ್ದೆ ಮಾಡ್ತಿದೆ, ನನಗೇ ಕೈಕಾಲು ನಡುಗ್ತಿದೆ," ಎಂದು ನಗುತ್ತಿದ್ದವರು ಬುಟ್ಟಿಯೊಳಗೆ ಇಣುಕಿ, ಕಾಲು ಹಿಂದೆಳೆದು ದಾರಿ ಬಿಟ್ಟರು. "ನೀವು ಮೊದಲು ಹೋಗಿಮ್ಮಾ. ಹೋಗಿ ಹೋಗಿ."

ಒಳಗೆ ಸ್ಟೀಲ್ ಮೇಜು. ಫಿನಾಯಿಲ್ ವಾಸನೆ. ಬೂದಿ ಮರಿಯಾಗಿದ್ದಾಗಿನಿಂದ ಪ್ರತಿ ವರ್ಷ ಈ ಮೇಜಿನ ಮೇಲೆ ಇಂಜೆಕ್ಷನ್ ಹಾಕಿಸಿಕೊಂಡಿದೆ, ಪ್ರತಿ ವರ್ಷವೂ ಡಾಕ್ಟರಿಗೆ ಉಗುರು ತೋರಿಸಿ ಬುಸುಗುಟ್ಟಿದೆ. ಇವತ್ತು ಬುಸುಗುಟ್ಟಲಿಲ್ಲ. ಮಲಗಿಸಿದ ಹಾಗೇ ಮಲಗಿತು. ಕಾಲುಗಳು ಮಾತ್ರ ಸ್ಟೀಲಿನ ಮೇಲೆ ಟಕಟಕ ಎನ್ನುತ್ತಿದ್ದವು.

ಡಾಕ್ಟರ್ ಆಂಟಿ ಟಾರ್ಚ್ ಬಿಟ್ಟು ಕಣ್ಣು ನೋಡಿದರು. ಎದೆಗೆ ಸ್ಟೆತಸ್ಕೋಪ್ ಇಟ್ಟರು. "ಏನು ತಿಂತು?"

"ಪಕ್ಕದ್ಮನೇಲಿ ಇಲಿಪಾಷಾಣ ಇಟ್ಟಿದ್ರು ಡಾಕ್ಟ್ರೇ. ಅದೇ ಇರಬೇಕು," ಎಂದಳು ಅಮ್ಮ.

"ತಿಂದಿದ್ದನ್ನ ನೋಡಿದ್ರಾ?"

"ನೋಡಿಲ್ಲ. ಇನ್ನೇನಿರುತ್ತೆ ಹೇಳಿ?"

ಡಾಕ್ಟರ್ ಆಂಟಿಯ ಹುಬ್ಬು ಗಂಟಿಕ್ಕಿತು. "ಅದಕ್ಕೆ ಕೊಡೋ ಚಿಕಿತ್ಸೆ ಬೇರೆ, ಇನ್ನೊಂದಕ್ಕೆ ಬೇರೆ. ಕಾರಣ ಗೊತ್ತಾದ್ರೆ ಉಳಿಸ್ಕೋಬಹುದು. ಗೊತ್ತಿಲ್ದೆ ಕತ್ತಲಲ್ಲಿ ತಡಕಾಡಿದ್ರೆ ಟೈಮ್ ಹೋಗುತ್ತೆ." ಅವರು ಬೂದಿಯ ಮುಖದ ಹತ್ತಿರ ಬಗ್ಗಿದರು. "ನಿನಗೆ ಮಾತು ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತೋ, ಏನಾಯ್ತು ಅಂತ ನೀನೇ ಹೇಳಿಬಿಡ್ತಿದ್ದೆ."

ಮತ್ತೆ ನೆಟ್ಟಗಾಗಿ, "ಸರಿ, ಇಲಿಪಾಷಾಣ ಅಂತಲೇ ಇಟ್ಕೊಂಡು ಶುರು ಮಾಡೋಣ," ಎನ್ನುತ್ತ ಕಪಾಟಿನತ್ತ ತಿರುಗಿದರು.

ರೇಡಿಯೋ ಮೇಜಿನ ಅಂಚು ಹಿಡಿದು ನಿಂತಿದ್ದಳು. ಅಂಚು ತಣ್ಣಗಿತ್ತು. ಅಮ್ಮ ಬೈಯಬಹುದು. ತಾತ ಇನ್ನೆಂದೂ ಡುಮ್ಮನ ಕೂದಲು ಬಿಡಿಸಲು ತನ್ನನ್ನು ಕರೆಯದೇ ಇರಬಹುದು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಕೇಳಿದರೆ ಡಾಕ್ಟರ್ ಆಂಟಿ 'ಹೌದು' ಎಂದುಬಿಡಬಹುದು.

ಬೂದಿಯ ಹಸಿರು ಕಣ್ಣು ಅವಳನ್ನೇ ನೋಡುತ್ತಿತ್ತು.

ನಿನ್ನೆ ಸಂಜೆ ಟ್ಯೂಬ್ ಹಿಂಡುವಾಗ ಅಲ್ಲಿ ಇದ್ದದ್ದು ಇಬ್ಬರೇ. ಒಬ್ಬರಿಗೆ ಮಾತು ಬರುವುದಿಲ್ಲ.

"ಡಾಕ್ಟ್ರಾಂಟಿ..." ದನಿ ಹೊರಗೇ ಬರಲಿಲ್ಲ. ಕಪಾಟಿನ ಬಾಗಿಲು ಕಿರ್ ಎಂದು ತೆರೆಯಿತು. ರೇಡಿಯೋ ಉಸಿರು ಎಳೆದುಕೊಂಡು, ಕೋಣೆಗೆಲ್ಲ ಕೇಳುವ ಹಾಗೆ ಕೇಳಿದಳು.

"ಡಾಕ್ಟ್ರಾಂಟಿ, ನಾಯಿಗೆ ಹಾಕೋ ಚಿಗಟದ ಔಷಧೀನ ಬೆಕ್ಕಿಗೆ ಹಾಕಿದ್ರೆ ಹೀಗಾಗುತ್ತಾ?"